ಆಪ್ತ ದೃಶ್ಯಕ್ಕೂ ತಾಲೀಮು ಬೇಕು

ಮಾನ್ಯ ಸಂಪಾದಕರೇ,

ಕಲಾತ್ಮಕ ಚಿತ್ರಗಳಲ್ಲಿ ಬರುವ ಆಪ್ತ ದೃಶ್ಯಗಳನ್ನು, ಅಂದರೆ ಪ್ರಣಯ ಮತ್ತು ಮಿಲನದ ದೃಶ್ಯಗಳನ್ನು ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಯಾರ ಕೈ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಮೊದಲೇ ಗೊತ್ತುಮಾಡಿಕೊಂಡು ಚಿತ್ರೀಕರಿಸುವ ಈಗಿನ ಪದ್ಧತಿಯಿಂದ ಇಂತಹ ದೃಶ್ಯಗಳ ಸಹಜತೆ ಸತ್ತುಹೋಗುತ್ತಿದೆ ಎಂಬುದು ಲೇಖಕರ ಕೊರಗು. ನಾನು ವಸ್ತ್ರಾಲಂಕಾರ ವಿಭಾಗದಲ್ಲಿ ಸಹಾಯಕಿಯಾಗಿ ಹಲವು ವರ್ಷ ದುಡಿದವಳು. ಅಂತಹ ಚಿತ್ರೀಕರಣ ನಡೆಯುವ ಕೋಣೆಯೊಳಗೆ ಇರಲು ಅನುಮತಿ ಪಡೆದ ಬೆರಳೆಣಿಕೆಯ ಜನರಲ್ಲಿ ಒಬ್ಬಳಾಗಿ, ಕೈಯಲ್ಲಿ ನಿಲುವಂಗಿ ಹಿಡಿದು ಮೂಲೆಯಲ್ಲಿ ನಿಂತವಳು. ಲೇಖಕರು ಸಹಜತೆ ಎಂದು ಕರೆಯುತ್ತಿರುವುದು ಬಹಳ ಸಲ ಕಲಾವಿದರ ಗಾಬರಿ ಎಂಬುದನ್ನು ಹತ್ತಿರದಿಂದ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಚಿತ್ರಕಥೆಯಲ್ಲಿ ಈ ದೃಶ್ಯ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುತ್ತದೆ: ‘ಇಬ್ಬರೂ ಒಂದಾಗುತ್ತಾರೆ.’ ನಿರ್ದೇಶಕರ ಮನಸ್ಸಿನಲ್ಲಿ ಆ ಸಾಲಿಗೆ ಒಂದು ಅರ್ಥ, ನಟನ ಮನಸ್ಸಿನಲ್ಲಿ ಇನ್ನೊಂದು, ನಟಿಯ ಮನಸ್ಸಿನಲ್ಲಿ ಮತ್ತೊಂದು ಅರ್ಥವಿರಬಹುದು. ಈ ಮೂರೂ ಬೇರೆಬೇರೆ ಎಂಬುದು ಚಿತ್ರೀಕರಣದ ದಿನ ದೀಪಗಳು ಉರಿಯುತ್ತಿರುವಾಗ ಗೊತ್ತಾದರೆ, ಸೋಲುವವರು ಆ ಕೋಣೆಯಲ್ಲಿ ಅತಿ ಕಡಿಮೆ ಅಧಿಕಾರವಿರುವವರು. ಆದ್ದರಿಂದಲೇ ಇಂಟಿಮೆಸಿ ಕೋಆರ್ಡಿನೇಟರ್, ಅಂದರೆ ಆಪ್ತ ದೃಶ್ಯಗಳ ಸಂಯೋಜಕರು ಎಂದು ಕರೆಯಲಾಗುವವರು ಮೊದಲು ನಿರ್ದೇಶಕರೊಡನೆ ಕುಳಿತು ಆ ಸಾಲನ್ನು ಬಿಡಿಸುತ್ತಾರೆ: ಈ ಮಿಲನದಿಂದ ಕಥೆಯಲ್ಲಿ ಏನು ಬದಲಾಗುತ್ತದೆ, ಯಾರು ಮುಂದುವರಿಯುತ್ತಾರೆ, ಯಾರು ಹಿಂಜರಿಯುತ್ತಾರೆ, ಕ್ಯಾಮೆರಾ ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ? ಆಮೇಲೆ ಕಲಾವಿದರನ್ನು ಪ್ರತ್ಯೇಕವಾಗಿ ಕೇಳುತ್ತಾರೆ. ಒಬ್ಬೊಬ್ಬರನ್ನೇ ಕೇಳುವುದಕ್ಕೆ ಕಾರಣವಿದೆ. ಹೆಸರಾಂತ ನಿರ್ದೇಶಕರೂ ಸಹನಟರೂ ಎದುರಿಗೆ ಕುಳಿತಿರುವಾಗ ಹೊಸ ಕಲಾವಿದೆಯೊಬ್ಬಳ ಬಾಯಿಂದ ‘ಬೇಡ’ ಎಂಬ ಮಾತು ಹೊರಡುವುದು ಕಷ್ಟ.

ಒಪ್ಪಿಕೊಂಡದ್ದೆಲ್ಲ ಕರಾರಿನ ಅನುಬಂಧವಾಗಿ ಬರಹಕ್ಕಿಳಿಯುತ್ತದೆ. ದೇಹದ ಯಾವ ಭಾಗ ಕಾಣಬಹುದು, ಯಾವ ಕೋನದಿಂದ, ಬದಲಿ ಕಲಾವಿದರನ್ನು ಬಳಸಲಾಗುವುದೇ, ಆ ತುಣುಕುಗಳನ್ನು ಪ್ರಚಾರಕ್ಕೆ ಬಳಸಬಹುದೇ ಎಂಬುದೆಲ್ಲ ಅದರಲ್ಲಿರಬೇಕು. ಅಮೆರಿಕದ ಕಲಾವಿದರ ಸಂಘವಾದ ಸ್ಯಾಗ್-ಆಫ್ಟ್ರಾದ ನಿಯಮದಂತೆ ಈ ಅನುಬಂಧ ಕಲಾವಿದರು ಸೆಟ್ಟಿಗೆ ಬರಬೇಕಾದ ಹೊತ್ತಿಗಿಂತ ಕನಿಷ್ಠ 48 ಗಂಟೆ ಮೊದಲೇ ಅವರ ಕೈ ಸೇರಬೇಕು. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸುವ ಹಕ್ಕು ಅವರಿಗಿರಬೇಕು, ಬದಲಿಸಿದರೆ ದೃಶ್ಯವನ್ನು ತೆಗೆಯುವ ಬಗೆ ಬದಲಾಗಬೇಕು.

ನನ್ನ ಕೆಲಸ ಆರಂಭವಾಗುತ್ತಿದ್ದದ್ದು ಇಲ್ಲಿಂದ. ತೆರೆಯ ಮೇಲೆ ಬೆತ್ತಲೆಯಾಗಿ ಕಾಣುವವರು ಬಹುಪಾಲು ಸಂದರ್ಭಗಳಲ್ಲಿ ಬೆತ್ತಲೆಯಾಗಿರುವುದಿಲ್ಲ. ಕಲಾವಿದರ ಮೈಬಣ್ಣಕ್ಕೆ ಹೊಂದುವಂತೆ ಬಣ್ಣ ಹಾಕಿದ ಪುಟ್ಟ ಹೊದಿಕೆಗಳನ್ನು, ಪಟ್ಟಿಯಿಲ್ಲದೆ ಅಂಟಿನಿಂದಲೇ ನಿಲ್ಲುವಂತೆ, ಅಳತೆ ತೆಗೆದು ಸಿದ್ಧಪಡಿಸುತ್ತೇವೆ. ಅಂಟು ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಮುಂಚಿತವಾಗಿ ಮುಂಗೈ ಮೇಲೆ ಹಚ್ಚಿ ನೋಡುತ್ತೇವೆ. ಇಬ್ಬರ ದೇಹಗಳ ನಡುವೆ ತೆಳುವಾದ ಮೆತ್ತೆಯೋ ಸಿಲಿಕೋನ್ ತಡೆಯೋ ಇರುತ್ತದೆ. ಅದು ಕ್ಯಾಮೆರಾಕ್ಕೆ ಕಾಣದಂತೆ ಹೊದ್ದ ಬಟ್ಟೆಯ ಮಡಿಕೆ ಎಲ್ಲಿ ಬೀಳಬೇಕೆಂಬುದನ್ನು ಛಾಯಾಗ್ರಾಹಕರೊಡನೆ ಮಾತಾಡಿ ನಿರ್ಧರಿಸುತ್ತೇವೆ. ಹೊಸ ಹಾಸಿಗೆವಸ್ತ್ರ ಸರಸರ ಸದ್ದು ಮಾಡಿ ಧ್ವನಿಗ್ರಹಣಕ್ಕೆ ತೊಡಕಾಗುತ್ತದೆ ಎಂದು ಅದನ್ನು ಹಲವು ಸಲ ಒಗೆದು ಮೆದು ಮಾಡಿಟ್ಟುಕೊಂಡದ್ದೂ ಉಂಟು. ಅಗತ್ಯವಿರುವವರನ್ನು ಬಿಟ್ಟು ಉಳಿದವರೆಲ್ಲ ಹೊರಗೆ. ಫೋನುಗಳು ಹೊರಗೆ. ಮಾನಿಟರ್ ಮುಂದೆ ನೋಡಲೇಬೇಕಾದವರು ಮಾತ್ರ. ನಿರ್ದೇಶಕರು ‘ಕಟ್’ ಎಂದ ಕ್ಷಣವೇ ನಿಲುವಂಗಿ ಕಲಾವಿದರ ಹೆಗಲ ಮೇಲಿರಬೇಕು. ಮುಂದಿನ ಶಾಟ್‌ನ ಬಗ್ಗೆ ಚರ್ಚೆ ನಡೆಯುವುದೇನಿದ್ದರೂ ಅವರು ಮೈ ಮುಚ್ಚಿಕೊಂಡ ಮೇಲೆ. ಇದು ಬಹಳ ಸಣ್ಣ ಸಂಗತಿಯೆಂದು ಕಾಣಬಹುದು. ಆ ಚರ್ಚೆ ಮುಗಿಯುವವರೆಗೂ ಹಾಗೆಯೇ ಮಲಗಿರಬೇಕಾದವರಿಗೆ ಅದು ಸಣ್ಣದಲ್ಲ.

ಇನ್ನು ಅಭಿನಯದ ಮಾತು. ತಾಲೀಮು ನಡೆಯುವುದು ದಿನನಿತ್ಯದ ಉಡುಪಿನಲ್ಲಿ, ಎಣಿಕೆಯ ಲೆಕ್ಕದಲ್ಲಿ: ನಾಲ್ಕು ಎಣಿಸುವಷ್ಟು ಹೊತ್ತು ನೋಟ, ಆಮೇಲೆ ಬಲಗೈ ಭುಜಕ್ಕೆ, ಒಂದು ಉಸಿರು, ಆಮೇಲೆ ಕುತ್ತಿಗೆ ವಾಲುವುದು. ಇಷ್ಟು ಯಾಂತ್ರಿಕವಾದದ್ದರಲ್ಲಿ ಜೀವ ಎಲ್ಲಿಂದ ಬರಬೇಕು ಎಂಬುದೇ ತಮ್ಮ ಲೇಖಕರ ಪ್ರಶ್ನೆ. ನಾನು ಕಂಡಂತೆ, ಮುಂದಿನ ಸ್ಪರ್ಶ ಎಲ್ಲಿಗೆ ಬರುತ್ತದೆ ಎಂದು ದೇಹಕ್ಕೆ ಗೊತ್ತಿದ್ದಾಗ ಮನಸ್ಸು ಪಾತ್ರದ ಕಡೆಗೆ ಹೋಗುತ್ತದೆ. ಗೊತ್ತಿಲ್ಲದಿದ್ದಾಗ ಕಲಾವಿದೆ ತನ್ನ ಮೈ ಕಾಯುವುದರಲ್ಲೇ ಮಗ್ನಳಾಗಿರುತ್ತಾಳೆ, ಪಾತ್ರವನ್ನು ಕಾಯುವವರೇ ಇರುವುದಿಲ್ಲ. ಅಭಿನಯ ಎಂಬ ನಮ್ಮ ಪದದ ಮೂಲಾರ್ಥವೇ ನೋಡುವವರ ಕಡೆಗೆ ಕೊಂಡೊಯ್ಯುವುದು. ಕೊಂಡೊಯ್ಯುವವರಿಗೆ ಕೊಂಡೊಯ್ಯುತ್ತಿರುವುದೇನು ಎಂಬ ಅರಿವಿರಬೇಕಲ್ಲವೇ?

ಒಂದು ಉದಾಹರಣೆ ಕೊಡುತ್ತೇನೆ. ನಿಕೋಲಸ್ ರೋಗ್ ಅವರ 1973ರ ‘ಡೋಂಟ್ ಲುಕ್ ನೌ’ ಚಿತ್ರದಲ್ಲಿ, ಮಗಳನ್ನು ಕಳೆದುಕೊಂಡ ದಂಪತಿ ಬಹುಕಾಲದ ನಂತರ ಒಂದಾಗುವ ದೃಶ್ಯವಿದೆ. ಅದರ ನಡುನಡುವೆಯೇ ಅವರಿಬ್ಬರೂ ಆಮೇಲೆ ಊಟಕ್ಕೆ ಹೊರಡಲು ಬಟ್ಟೆ ತೊಡುತ್ತಿರುವ ತುಣುಕುಗಳು ಬರುತ್ತವೆ. ಬಯಕೆಯೂ ಅದು ಮುಗಿದ ಮೇಲಿನ ಮೌನವೂ ಒಟ್ಟಿಗೇ ಕಾಣುವುದರಿಂದ ಆ ದೃಶ್ಯ ಶೋಕದ ದೃಶ್ಯವೂ ಆಗುತ್ತದೆ. ಅದನ್ನು ಕಟ್ಟಿದ್ದು ಸಂಕಲನದ ಮೇಜು. ಆದರೂ ಆ ದೃಶ್ಯ ಅಭಿನಯವೋ ನಿಜವೋ ಎಂಬ ಗುಸುಗುಸು ದಶಕಗಳ ಕಾಲ ನಡೆಯಿತು. ನಟ ಡೊನಾಲ್ಡ್ ಸದರ್ಲೆಂಡ್ ಅದನ್ನು ಅಲ್ಲಗಳೆಯಬೇಕಾಯಿತು. ಚೆನ್ನಾಗಿ ಅಭಿನಯಿಸಿದ್ದಕ್ಕೆ ಕಲಾವಿದರಿಗೆ ಸಿಕ್ಕ ಪ್ರತಿಫಲ ಅಪನಂಬಿಕೆ ಎಂಬುದು ನನಗೆ ಇಂದಿಗೂ ಬೇಸರ ತರಿಸುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು 1972ರ ‘ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್’. ಆ ಚಿತ್ರದಲ್ಲಿ ನಟಿಸುವಾಗ ಮರಿಯಾ ಶ್ನೈಡರ್‌ಗೆ 19 ವರ್ಷ. ಅತ್ಯಾಚಾರದ ದೃಶ್ಯದಲ್ಲಿ ಬೆಣ್ಣೆಯನ್ನು ಬಳಸುವ ವಿಚಾರವನ್ನು ನಿರ್ದೇಶಕ ಬರ್ನಾರ್ಡೊ ಬೆರ್ಟೊಲುಚಿ ಮತ್ತು ನಟ ಮರ್ಲನ್ ಬ್ರಾಂಡೊ ಸೇರಿ ನಿರ್ಧರಿಸಿದರು. ಚಿತ್ರೀಕರಣಕ್ಕೆ ತುಸು ಮೊದಲಷ್ಟೇ ತನಗೆ ತಿಳಿಸಿದರೆಂದೂ, ನಡೆದದ್ದು ನಟನೆಯೇ ಆಗಿದ್ದರೂ ತನ್ನ ಕಣ್ಣೀರು ನಿಜವಾಗಿತ್ತೆಂದೂ, ಚಿತ್ರಕಥೆಯಲ್ಲಿಲ್ಲದ್ದನ್ನು ಮಾಡುವಂತೆ ಯಾರೂ ಒತ್ತಾಯಿಸುವಂತಿಲ್ಲ ಎಂಬುದು ಆಗ ತನಗೆ ಗೊತ್ತಿರಲಿಲ್ಲವೆಂದೂ ಆಕೆ 2007ರಲ್ಲಿ ಹೇಳಿದರು. ಆಕೆಯ ಪ್ರತಿಕ್ರಿಯೆ ನಟಿಯದಾಗಿರದೆ ಹುಡುಗಿಯದಾಗಿರಬೇಕೆಂದು ತಾನು ಬಯಸಿದ್ದಾಗಿ ಬೆರ್ಟೊಲುಚಿ 2013ರಲ್ಲಿ ಒಪ್ಪಿಕೊಂಡರು. ದೃಶ್ಯದ ಹಿಂಸೆ ಚಿತ್ರಕಥೆಯಲ್ಲೇ ಇತ್ತು, ಬೆಣ್ಣೆಯ ವಿಚಾರ ಮಾತ್ರ ಹೊಸದು ಎಂದು ಅವರು ಆಮೇಲೆ ಸ್ಪಷ್ಟನೆ ಕೊಟ್ಟರು. ನನ್ನ ದೃಷ್ಟಿಯಲ್ಲಿ ಆ ಸ್ಪಷ್ಟನೆಯಿಂದ ತಪ್ಪು ಹಗುರವಾಗುವುದಿಲ್ಲ. ನಟಿಯಿಂದ ನಟಿಸುವ ಅವಕಾಶವನ್ನೇ ಕಿತ್ತುಕೊಂಡು, ಆಕೆಗಾದ ಅವಮಾನವನ್ನು ಚಿತ್ರೀಕರಿಸಿದ ಮೇಲೆ ಅದನ್ನು ಅಭಿನಯವೆಂದು ಹೊಗಳುವುದು ಹೇಗೆ?

ಕಲೆಯ ಹೆಸರಿನಲ್ಲಿ ಇಂತಹದ್ದಕ್ಕೆ ಸುಲಭವಾಗಿ ಕ್ಷಮೆ ಸಿಗುತ್ತದೆ. 2013ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ‘ಬ್ಲೂ ಈಸ್ ದ ವಾರ್ಮೆಸ್ಟ್ ಕಲರ್’ ಚಿತ್ರಕ್ಕೆ ತೀರ್ಪುಗಾರರು ನಿರ್ದೇಶಕ ಅಬ್ದೆಲ್ಲತೀಫ್ ಕೆಶೀಶ್ ಅವರ ಜೊತೆಗೆ ಇಬ್ಬರು ನಾಯಕಿಯರನ್ನೂ ಸೇರಿಸಿ ಗೌರವಿಸಿದರು. ಕೆಲವೇ ತಿಂಗಳಲ್ಲಿ ಆ ನಾಯಕಿಯರು ಒಂದು ಪ್ರಣಯ ದೃಶ್ಯಕ್ಕೆ ಹತ್ತು ದಿನ ಹಿಡಿದ ಬಗೆಯನ್ನು ವಿವರಿಸಿ, ಆ ನಿರ್ದೇಶಕರೊಡನೆ ಮತ್ತೆ ಕೆಲಸ ಮಾಡಲಾರೆವೆಂದರು. ಗಮನಿಸಬೇಕಾದದ್ದೆಂದರೆ, ಅಲ್ಲಿಯೂ ಕೃತಕ ಹೊದಿಕೆಗಳಿದ್ದವು. ಹೊದಿಕೆ ತಯಾರಿಸುವವಳಾಗಿ ನಾನೇ ಹೇಳುತ್ತೇನೆ: ಎಲ್ಲಿಗೆ ನಿಲ್ಲುತ್ತದೆ ಎಂದು ಗೊತ್ತಿಲ್ಲದ ದೃಶ್ಯದಲ್ಲಿ ಎಷ್ಟು ಒಳ್ಳೆಯ ಹೊದಿಕೆಯಿದ್ದರೂ ಅದು ಮೈಯನ್ನಷ್ಟೇ ಮುಚ್ಚುತ್ತದೆ.

ಇಂಟಿಮೆಸಿ ಕೋಆರ್ಡಿನೇಟರ್ ಹುದ್ದೆ ಟಿವಿ ಧಾರಾವಾಹಿಗಳಲ್ಲಿ ನೆಲೆಯೂರಿದ್ದು 2018ರಲ್ಲಿ. ‘ದ ಡ್ಯೂಸ್’ ಧಾರಾವಾಹಿಯ ನಟಿ ಎಮಿಲಿ ಮೀಡ್ ಕೇಳಿಕೊಂಡ ಮೇಲೆ ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ ಅಲಿಸಿಯಾ ರೋಡಿಸ್ ಅವರನ್ನು ಈ ಹುದ್ದೆಗೆ ನೇಮಿಸಿತು; ಅದೇ ವರ್ಷ ಅಂತಹ ದೃಶ್ಯಗಳಿರುವ ತನ್ನ ಎಲ್ಲ ಧಾರಾವಾಹಿಗಳಿಗೂ ಪದ್ಧತಿಯನ್ನು ವಿಸ್ತರಿಸುವುದಾಗಿ ಹೇಳಿತು. ಪ್ರತಿಯೊಬ್ಬ ಕಲಾವಿದರಿಗೂ ಇದು ಬೇಕೆನಿಸುವುದಿಲ್ಲ ಎಂಬುದು ನಿಜ. 2024ರಲ್ಲಿ ಕಾನ್ ಪ್ರಶಸ್ತಿ ಗೆದ್ದ ‘ಅನೋರಾ’ ಚಿತ್ರದ ನಾಯಕಿ ಮೈಕಿ ಮ್ಯಾಡಿಸನ್, ಚಿತ್ರತಂಡ ಇಂತಹ ನೆರವು ಕೊಡಲು ಮುಂದೆ ಬಂದಾಗ ಬೇಡವೆಂದರು. ಅದು ಅವರ ಆಯ್ಕೆ. ಆದರೆ ಬೇಡವೆನ್ನಲು ಮೊದಲು ಯಾರಾದರೂ ಕೇಳಿರಬೇಕು.

ನನ್ನ ಅನುಭವದಲ್ಲಿ ಕೇಳದೇ ಹೋದ ದಿನವೊಂದಿದೆ. ನಿರ್ದೇಶಕರು ನಟನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ್ದನ್ನು ನಾನು ನೋಡಿದ್ದೆ. ಏನೆಂದು ನಟಿಗೆ ತಿಳಿದದ್ದು ಕ್ಯಾಮೆರಾ ಓಡುತ್ತಿದ್ದಾಗ. ‘ಕಟ್’ ಎಂದ ಮೇಲೆ ಕೋಣೆಯಲ್ಲಿ ಚಪ್ಪಾಳೆ ಬಿತ್ತು. ನಾನು ಹೊದಿಸಿದ ನಿಲುವಂಗಿಯ ಲಾಡಿಯನ್ನು ಕಟ್ಟಿಕೊಳ್ಳಲು ಆಕೆಯ ಕೈಗೆ ಆಗಲಿಲ್ಲ, ನಾನೇ ಕಟ್ಟಿದೆ. ಆ ಪಿಸುಮಾತನ್ನು ಕಂಡೂ ನಾನು ಬಾಯಿ ಬಿಡದಿದ್ದದ್ದು ಇಂದಿಗೂ ನನ್ನನ್ನು ಬಾಧಿಸುತ್ತದೆ.

ಕೊನೆಯದಾಗಿ ತಮ್ಮಲ್ಲಿ ಎರಡು ಕೋರಿಕೆಗಳಿವೆ. ಇಂತಹ ದೃಶ್ಯಗಳ ಬಗ್ಗೆ ಬರೆಯುವಾಗ ‘ಹಸಿಬಿಸಿ’ ಎಂಬ ವಿಶೇಷಣವನ್ನು ದಯವಿಟ್ಟು ಕೈಬಿಡಬೇಕು. ಕಲಾವಿದರನ್ನು ಸಂದರ್ಶಿಸುವ ತಮ್ಮ ವರದಿಗಾರರು ‘ಆ ದೃಶ್ಯ ಮಾಡುವಾಗ ಹೇಗನಿಸಿತು’ ಎಂದು ಕೇಳುವ ಬದಲು, ಅದರ ತಾಲೀಮು ಎಷ್ಟು ದಿನ ನಡೆಯಿತು, ಕರಾರಿನಲ್ಲಿ ಬರೆದದ್ದಕ್ಕೂ ತೆರೆಯ ಮೇಲೆ ಬಂದದ್ದಕ್ಕೂ ತಾಳೆಯಾಯಿತೇ ಎಂದು ಕೇಳುವಂತಾಗಬೇಕು. ಆ ಪ್ರಶ್ನೆಯನ್ನು ನಿರ್ದೇಶಕರಿಗೂ ಕೇಳಬೇಕು.

ಇಂತಿ ತಮ್ಮ ವಿಶ್ವಾಸಿ,
ವಸ್ತ್ರಾಲಂಕಾರ ವಿಭಾಗದ ಓರ್ವ ಸಹಾಯಕಿ