ಸುವರ್ಣಲತಾ ಸುಟ್ಟ ಪುಸ್ತಕ

ಪುಟ್ಟೀ,

ಈ ಕಾಗದ ಓದುವ ಮುಂಚೆ ಒಂದು ಕೆಲಸ ಮಾಡು. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲೇ ಇರುತ್ತದಂತೆ. ಪಕ್ಕದ ಮನೆ ಹುಡುಗನನ್ನು ಕೇಳಿ ತಿಳಿದುಕೊಂಡೆ. ಹೋಗಿ ನೋಡು. ಕತೆಗಳು ಇದ್ದರೆ ವಾಪಸ್ ತೆಗೆದು ನನಗೆ ಕಳಿಸು. ನಾನು ಓದುವುದಿಲ್ಲ, ಪ್ರಿಂಟ್ ತೆಗೆಸಿ ಬೀರುವಿನಲ್ಲಿ ಇಡುತ್ತೇನೆ ಅಷ್ಟೆ. ನನ್ನ ಮೇಲೆ ನಂಬಿಕೆ ಇಲ್ಲ ಅಂದರೆ ಬೀಗದ ಕೈ ನಿಮ್ಮಮ್ಮನ ಹತ್ತಿರ ಇರಲಿ.

"ಎಲ್ಲಾ ಡಿಲೀಟ್ ಮಾಡಿದೆ ಅಪ್ಪಾ, ಹಗುರ ಆಯ್ತು" ಅಂದೆ. ಊಟಕ್ಕೆ ಕೂತಾಗ ಯಾರೋ ನಿನ್ನ ಕತೆಯನ್ನು ಗಟ್ಟಿಯಾಗಿ ಓದಿ ನಕ್ಕರು ಅಂತಲೂ ಅಂದೆ. ಯಾರು ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಆಮೇಲೆ ಆಡಿದ ಮಾತುಗಳನ್ನು ಬಿಡು, ಇಬ್ಬರಿಗೂ ನೆನಪಿದೆ. ನಾನು ದನಿ ಏರಿಸಬಾರದಿತ್ತು.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ತಲೆಯಲ್ಲಿ ಸುತ್ತುತ್ತಿದ್ದದ್ದು ಆಶಾಪೂರ್ಣಾ ದೇವಿಯ ಬಂಗಾಳಿ ಕಾದಂಬರಿ 'ಸುವರ್ಣಲತಾ'. ಹಿಂದಿ ಪರೀಕ್ಷೆಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಹಿಂದಿಯಲ್ಲೇ ಓದಿದ್ದು. ಅದರಲ್ಲಿ ಸುವರ್ಣಗೆ ಒಂಬತ್ತು ವರ್ಷಕ್ಕೇ ಮದುವೆ. ಅವಳ ಅಮ್ಮ ಸತ್ಯವತಿಗೆ ಗೊತ್ತಾಗದ ಹಾಗೆ ಅಜ್ಜಿ ಮಾಡಿಮುಗಿಸಿಬಿಡುತ್ತಾಳೆ. ಕಲ್ಕತ್ತೆಯ ದೊಡ್ಡ ಒಟ್ಟು ಕುಟುಂಬ. ಹೊಸ ಮನೆ ಕಟ್ಟುವಾಗ ಆ ಹುಡುಗಿ ಕೇಳಿದ್ದು ಬೀದಿ ಕಾಣುವ ಒಂದು ವರಾಂಡ. ಗಂಡ ಆಯ್ತು ಅನ್ನುತ್ತಾನೆ. ಮನೆ ಒಕ್ಕಲಾದ ದಿನ ಕೋಣೆ ಕೋಣೆ ಹುಡುಕುತ್ತಾಳೆ, ವರಾಂಡ ಇಲ್ಲ. ಓದಿದವರೆಲ್ಲ ಈ ವರಾಂಡದ ಮಾತೇ ಆಡುತ್ತಾರೆ. ನನ್ನನ್ನು ಬಿಡದೆ ಹಿಡಿದದ್ದು ಅದಲ್ಲ.

ವಯಸ್ಸಾದ ಮೇಲೆ ಸುವರ್ಣ ಗುಟ್ಟಾಗಿ ತನ್ನ ಬದುಕಿನ ಕತೆ ಬರೆಯುತ್ತಾಳೆ. ನೆಂಟನೊಬ್ಬನ ಪ್ರೆಸ್ಸಿನಲ್ಲಿ ಅಚ್ಚಾಗಿ ಬರುತ್ತದೆ. ಕಳಪೆ ಕಾಗದ, ಸಾಲು ಸಾಲಿಗೂ ತಪ್ಪು. ಮನೆಯವರೇ ಓದಿ ನಗುತ್ತಾರೆ. ಅವಳು ಅಷ್ಟನ್ನೂ ಬೆಂಕಿಗೆ ಹಾಕುತ್ತಾಳೆ.

ಬ್ಯಾಂಕಿನಲ್ಲಿದ್ದಾಗ ಹಳೇ ವೋಚರುಗಳನ್ನು ಸುಡಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕಾಗದ ಅಷ್ಟು ಸುಲಭಕ್ಕೆ ಉರಿಯುವುದಿಲ್ಲ ಪುಟ್ಟಿ. ಕಟ್ಟು ಬಿಚ್ಚದೆ ಹಾಕಿದರೆ ಅಂಚು ಮಾತ್ರ ಕಪ್ಪಾಗುತ್ತದೆ, ಒಳಗಿನ ಹಾಳೆ ಹಾಗೇ ಇರುತ್ತದೆ, ಅಂಕಿ ಕೂಡ ಓದಬಹುದು. ಕೋಲಿನಿಂದ ಕೆದಕಬೇಕು, ಬಿಡಿಸಿ ಬಿಡಿಸಿ ಹಾಕಬೇಕು, ಹೊಗೆ ಕುಡಿಯಬೇಕು. ಹಾಗಾದರೆ ಸುವರ್ಣ ಅಲ್ಲಿ ಎಷ್ಟು ಹೊತ್ತು ನಿಂತಿರಬೇಕು? ಕೆದಕುವಾಗ ತಾನೇ ಬರೆದ ಒಂದು ಸಾಲಾದರೂ ಕಣ್ಣಿಗೆ ಬಿದ್ದಿರುವುದಿಲ್ಲವಾ? ಒಂದು ಪ್ರತಿಯನ್ನಾದರೂ ಸೆರಗಲ್ಲಿ ಮುಚ್ಚಿಟ್ಟುಕೊಳ್ಳೋಣ ಅನ್ನಿಸಲಿಲ್ಲವಾ? ಅವಳಿಗೆ ಮನಸ್ಸು ಬದಲಾಯಿಸಲು ಅಷ್ಟಾದರೂ ಸಮಯ ಇತ್ತು. ನಿನಗೆ ಒಂದು ಬಟನ್. ನನ್ನ ಹೆದರಿಕೆ ಅದೇ.

ಸರಿ, ಬೆಂಕಿ ವಿಷಯ ಸಾಕು.

ಆಶಾಪೂರ್ಣಾ ಬಗ್ಗೆ ಹೇಳುತ್ತೇನೆ, ಕೇಳು. ಹುಟ್ಟಿದ್ದು 1909, ಉತ್ತರ ಕಲ್ಕತ್ತೆಯಲ್ಲಿ. ಹೆಣ್ಣುಮಕ್ಕಳು ಶಾಲೆಗೆ ಹೋಗುವ ಹಾಗಿಲ್ಲ ಅಂತ ಅಜ್ಜಿಯ ಕಟ್ಟಪ್ಪಣೆ. ಅಣ್ಣಂದಿರು ಪುಸ್ತಕ ಹಿಡಿದು ಕೂತರೆ ಈ ಮಗು ಎದುರುಗಡೆ ಕೂತು ನೋಡುತ್ತಿತ್ತು. ಹಾಗಾಗಿ ಮೊದಲು ಕಲಿತದ್ದೇ ತಲೆಕೆಳಗಾದ ಅಕ್ಷರ. 1922ರಲ್ಲಿ ಮಕ್ಕಳ ಪತ್ರಿಕೆ 'ಶಿಶುಸಾಥಿ'ಯಲ್ಲಿ ಮೊದಲ ಪದ್ಯ ಅಚ್ಚಾಯಿತು. ಹದಿನೈದಕ್ಕೆ ಮದುವೆ. ಅಡುಗೆ, ಮಕ್ಕಳು, ಅತ್ತೆಮನೆ, ಎಲ್ಲಾ ನಿಭಾಯಿಸಿಕೊಂಡೇ ನೂರಕ್ಕೂ ಜಾಸ್ತಿ ಕಾದಂಬರಿ ಬರೆದರು. 1964ರಲ್ಲಿ ಸತ್ಯವತಿಯ ಕತೆ 'ಪ್ರಥಮ ಪ್ರತಿಶ್ರುತಿ', 1967ರಲ್ಲಿ 'ಸುವರ್ಣಲತಾ', 1974ರಲ್ಲಿ ಸುವರ್ಣಳ ಮಗಳ ಕತೆ 'ಬಕುಲ್ ಕಥಾ'. ಮೊದಲನೆಯದಕ್ಕೆ 1976ರ ಜ್ಞಾನಪೀಠ ಬಂತು. ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರೇ. ಮರುವರ್ಷದ್ದು ನಮ್ಮ ಕಾರಂತರಿಗೆ. ಶಾಲೆಯ ಮೆಟ್ಟಿಲು ಹತ್ತದವರು ಇಷ್ಟು ಮಾಡಿದರು. ನೀನು ಎಂ.ಎ. ಮಾಡಿದವಳು. ದಿನಕ್ಕೆ ಅರ್ಧ ಗಂಟೆ ಸಾಕು. ಬೆಳಿಗ್ಗೆ ಬೇಗ ಏಳು. ಮಗು ಮಲಗಿದಾಗ ಮೊಬೈಲ್ ನೋಡುವುದನ್ನು ಬಿಟ್ಟು...

ನೋಡು, ಶುರುವಾಯಿತು ನನ್ನ ಭಾಷಣ. "ನೀನು ಜೀವನದಲ್ಲಿ ಒಂದು ತಟ್ಟೆ ತೊಳೆದಿದ್ದೀಯಾ ಅಪ್ಪಾ?" ಅಂತ ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಅಡುಗೆಮನೆಯ ಆಚೆ ಕೂತು ಪೇಪರ್ ಓದಿದವನು ಅಡುಗೆಮನೆಯಲ್ಲಿ ಬರೆದವರ ಉದಾಹರಣೆ ಕೊಡಬಾರದು. ಅದೂ ಅಲ್ಲದೆ ಆಶಾಪೂರ್ಣಾಗೆ ಅಮ್ಮ ಇದ್ದರು. ಸರಳಾಸುಂದರಿ ಪುಸ್ತಕದ ಹುಳು, ಮನೆಯಲ್ಲಿ ಓದಲು ಯಾವಾಗಲೂ ಏನಾದರೂ ಇರುವ ಹಾಗೆ ನೋಡಿಕೊಂಡವರು. ಗಂಡ ಕಾಳಿದಾಸ ಗುಪ್ತ ಅವರೂ ಬರವಣಿಗೆಗೆ ಅಡ್ಡ ಬರಲಿಲ್ಲ. ಅಷ್ಟಿದ್ದೂ ಅವರು ಇದ್ಯಾವುದೂ ಇಲ್ಲದ ಸುವರ್ಣಳ ಬಗ್ಗೆ ಬರೆದರಲ್ಲ, ನನಗೆ ಅವರ ಮೇಲೆ ಗೌರವ ಇರುವುದು ಅದಕ್ಕೆ. ಪ್ರಶಸ್ತಿಗಲ್ಲ.

ಅವರ ಕಾದಂಬರಿಯ ಅಪ್ಪಂದಿರ ಬಗ್ಗೆಯೂ ಒಂದು ಮಾತು. ಸತ್ಯವತಿಯ ಅಪ್ಪ ರಾಮಕಾಳಿ ಕವಿರಾಜ ದೊಡ್ಡ ವೈದ್ಯ. ಮಗಳ ಬುದ್ಧಿ ಕಂಡರೆ ಅವನಿಗೆ ಒಳಗೊಳಗೇ ಖುಷಿ. ಆದರೂ ಚಿಕ್ಕಂದಿನಲ್ಲೇ ಮದುವೆ ಮಾಡಿಟ್ಟಿದ್ದ. ಹೆಮ್ಮೆಪಡುವುದಕ್ಕೆ ಅಪ್ಪಂದಿರಿಗೆ ಕಾಸೇನೂ ಖರ್ಚಾಗುವುದಿಲ್ಲ, ಅಲ್ವಾ? ನಿನ್ನ ಬಾವಿಯ ಕತೆ ಭಾನುವಾರದ ಪುರವಣಿಯಲ್ಲಿ ಬಂದಿತ್ತಲ್ಲ, ಆ ಹಾಳೆ ನನ್ನ ಪಾಸ್‌ಬುಕ್ಕಿನೊಳಗಿದೆ. ಪೆನ್ಶನ್ ಎಂಟ್ರಿ ಹಾಕಿಸಲು ಹೋದಾಗಲೆಲ್ಲ ಕೌಂಟರಿನ ಹುಡುಗಿಗೆ ಕಾಣುವ ಹಾಗೆ ಬಿಚ್ಚುತ್ತೇನೆ. ಅವಳು ಇನ್ನೂ ಒಂದು ಸಲವೂ ಕೇಳಿಲ್ಲ.

ಆ ಕತೆಯಲ್ಲಿ ಅಜ್ಜಿ ಹಗ್ಗ ಎಳೆಯುವಾಗ ಬಳೆಗಳನ್ನು ಮೊಣಕೈವರೆಗೂ ಸರಿಸುತ್ತಾಳೆ. ಅದನ್ನು ನಾನು ಎಷ್ಟೋ ವರ್ಷ ಕಣ್ಣಾರೆ ನೋಡಿದ್ದೆ, ನನ್ನ ಅಮ್ಮ ತಾನೆ. ನೀನು ಬರೆದ ಮೇಲೇ ನನಗೆ ಅದು ಕಂಡಿದ್ದು. ನಗುವವರು ಆ ಸಾಲಿನವರೆಗೂ ಓದಿರಲಿಕ್ಕಿಲ್ಲ.

'ಸುವರ್ಣಲತಾ' ಮುಗಿಯುವುದು ಬಕುಲಳಲ್ಲಿ. ಅಮ್ಮ ಸತ್ತ ಮೇಲೆ, ಸುಟ್ಟು ಹೋದದ್ದನ್ನೂ ಕಳೆದು ಹೋದದ್ದನ್ನೂ ಅಮ್ಮ ಬರೆಯದೇ ಉಳಿದದ್ದನ್ನೂ ಹುಡುಕಿ ತೆಗೆಯುತ್ತೇನೆ ಅಂತ ಆ ಹುಡುಗಿ ಮನಸ್ಸಿನಲ್ಲೇ ಮಾತು ಕೊಡುತ್ತಾಳೆ. ಓದುವಾಗ ಕಣ್ಣು ತುಂಬಿತ್ತು. ಈಗ ಸಿಟ್ಟು ಬರುತ್ತದೆ. ನಿನ್ನ ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ, ಅವಳ ತಲೆ ಮೇಲೆ ಈ ಕೆಲಸ ಯಾಕೆ ಹಾಕುತ್ತೀಯ?

ಮತ್ತೆ ಬರೆಯಲೇಬೇಕು ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನಿಸಿದರೆ ಬಿಡು. ಅದು ನಿನಗೇ ಬೇಡ ಅನ್ನಿಸಿರಬೇಕು, ಊಟದ ಮೇಜಿನ ಮುಂದೆ ಕೂತವರಿಗೆ ಅಲ್ಲ.

ಬರುವ ತಿಂಗಳು ನಾನೂ ನಿಮ್ಮಮ್ಮನೂ ಬರೋಣ ಅಂತಿದ್ದೇವೆ. ನಿನ್ನ ಗಂಡನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಬೇರೆ ಏನೂ ಕೇಳುವುದಿಲ್ಲ, ಹೆದರಬೇಡ. ಸಂಜೆ ಹೊತ್ತು ಮಗು ನನ್ನ ಜವಾಬ್ದಾರಿ. ಪಾತ್ರೆ ತೊಳೆಯುವುದನ್ನು ಈಗ ಇಲ್ಲೇ ಕಲಿಯುತ್ತಿದ್ದೇನೆ. ಲೋಟದ ತಳ ಉಜ್ಜುವುದಿಲ್ಲ ಅಂತ ನಿಮ್ಮಮ್ಮ ದಿನಾ ವಾಪಸ್ ಕೊಡುತ್ತಾಳೆ.

ಟ್ರ್ಯಾಶ್ ನೋಡಿದೆಯಾ?

ನಿನ್ನ
ಅಪ್ಪ