ಪಂದ್ಯಗಳನ್ನು ಎಣಿಸಿದರೆ ಫಾರ್ಮರ್ ಕಾಣುವುದಿಲ್ಲ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಜಿಲಾಂಗ್ ಫುಟ್‌ಬಾಲ್ ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ ಆಟಗಾರರ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಮೊದಲು ಬಹಳ ಸಂತೋಷವಾಯಿತು. ಇಪ್ಪತ್ತು ವರ್ಷಗಳಿಂದ ಇದೇ ಊರಿನಲ್ಲಿ ನೆಲೆಸಿ, ಚಳಿಗಾಲದ ವಾರಾಂತ್ಯಗಳನ್ನು ಕಾರ್ಡೀನಿಯಾ ಪಾರ್ಕ್ ಮೈದಾನದಲ್ಲಿ ಕಳೆಯುತ್ತ ಬಂದಿರುವ ನನಗೆ ಈ ಆಟದ ಬಗ್ಗೆ ನಮ್ಮ ಭಾಷೆಯಲ್ಲಿ ಓದಲು ಸಿಗುವುದೇ ಅಪರೂಪ. ಆದರೆ ಲೇಖಕರು ಹೆಸರಿಸಿದ ಐವರೂ 1984ರಿಂದ ಈಚೆಗೆ ಕ್ಲಬ್ಬಿಗೆ ಬಂದವರು. 1859ರಲ್ಲಿ ಹುಟ್ಟಿದ ಕ್ಲಬ್ಬೊಂದರ ಸಾರ್ವಕಾಲಿಕ ಪಟ್ಟಿ ಬಣ್ಣದ ಟಿ.ವಿ.ಯ ಕಾಲದಿಂದ ಆರಂಭವಾಗುವುದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, 'ಪಾಲಿ' ಎಂದೇ ಎಲ್ಲರೂ ಕರೆಯುತ್ತಿದ್ದ ಗ್ರಹಾಂ ಫಾರ್ಮರ್ ಅವರನ್ನು ಲೇಖನದ ಕೊನೆಯಲ್ಲಿ 'ಹಳೆಯ ತಲೆಮಾರಿನ ಕೆಲವರು' ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದು ನೋವುಂಟುಮಾಡಿತು. ನನ್ನ ಖಚಿತ ಅಭಿಪ್ರಾಯದಲ್ಲಿ ಆ ಪಟ್ಟಿಯ ಮೊದಲ ಸ್ಥಾನ ಅವರದು.

ಲೇಖಕರು ಬಳಸಿದ ಅಳತೆಗೋಲು ಪಂದ್ಯಗಳ ಸಂಖ್ಯೆ, ಗೋಲುಗಳ ಸಂಖ್ಯೆ ಮತ್ತು ಪದಕಗಳ ಸಂಖ್ಯೆ. ಆ ಲೆಕ್ಕದಲ್ಲಿ 359 ಪಂದ್ಯಗಳನ್ನು ಆಡಿದ ಟಾಮ್ ಹಾಕಿನ್ಸ್, 355 ಪಂದ್ಯಗಳನ್ನು ಆಡಿದ ಜೋಯಲ್ ಸೆಲ್‌ವುಡ್ ಮುಂದೆ ನಿಲ್ಲುವುದು ಸಹಜ. ಜಿಲಾಂಗ್ ಪರವಾಗಿ ಫಾರ್ಮರ್ ಆಡಿದ್ದು 101 ಪಂದ್ಯಗಳನ್ನು ಮಾತ್ರ, 1962ರಿಂದ 1967ರವರೆಗಿನ ಆರು ಋತುಗಳಲ್ಲಿ. ಆಗ ಒಂದು ಋತುವಿನ ಲೀಗ್ ಹಂತದಲ್ಲಿ ಇದ್ದದ್ದು 18 ಸುತ್ತುಗಳು. ಸಾಲದ್ದಕ್ಕೆ ಜಿಲಾಂಗ್ ಪರ ಆಡಿದ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಆ ವರ್ಷದ ಬಹುಭಾಗ ಅವರು ಹೊರಗೆ ಕುಳಿತರು. ಇಷ್ಟಾದ ಮೇಲೂ ಅವರ ಹೆಸರನ್ನು ಏಕೆ ಮೇಲಿಡಬೇಕು ಎಂಬುದನ್ನು ವಿವರಿಸಲು, ಈ ಆಟವನ್ನು ನೋಡದ ಓದುಗರಿಗಾಗಿ, ಅದರ ಒಂದು ನಿಯಮವನ್ನು ಹೇಳಬೇಕಾಗುತ್ತದೆ.

ಇಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಎಸೆಯುವಂತಿಲ್ಲ. ಒದೆಯಬಹುದು, ಇಲ್ಲವೇ ಒಂದು ಅಂಗೈಯ ಮೇಲೆ ಚೆಂಡನ್ನು ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ದಾಟಿಸಬಹುದು. ಇದನ್ನೇ ಹ್ಯಾಂಡ್‌ಬಾಲ್ ಎನ್ನುತ್ತಾರೆ. ಫಾರ್ಮರ್ ಬರುವವರೆಗೆ ಹೆಚ್ಚಿನ ಆಟಗಾರರಿಗೆ ಇದು ಬೇರೆ ದಾರಿ ಇಲ್ಲದಾಗಿನ ಉಪಾಯವಾಗಿತ್ತು. ಎದುರಾಳಿಗಳು ಮುತ್ತಿಕೊಂಡು ಕಾಲೆತ್ತಲೂ ಜಾಗವಿಲ್ಲದಿದ್ದಾಗ ಹೇಗೋ ಚೆಂಡನ್ನು ಕಳಚಿಕೊಳ್ಳುವ ಕೆಲಸ. ಫಾರ್ಮರ್ ಅದನ್ನು ದಾಳಿಯ ಅಸ್ತ್ರವನ್ನಾಗಿ ಮಾಡಿದರು. ಅವರು ಆಡುತ್ತಿದ್ದದ್ದು ರಕ್‌ಮನ್ ಸ್ಥಾನದಲ್ಲಿ. ಮೈದಾನದ ಮಧ್ಯದಲ್ಲಿ ಅಂಪೈರ್ ನೆಲಕ್ಕೆ ಪುಟಿಸಿದ ಚೆಂಡಿಗಾಗಿ ಎರಡೂ ತಂಡಗಳ ಎತ್ತರದ ಆಟಗಾರರು ಜಿಗಿಯುತ್ತಿದ್ದರಲ್ಲ, ಅವರಲ್ಲಿ ಒಬ್ಬರು. ಉಳಿದ ರಕ್‌ಮನ್‌ಗಳು ಗಾಳಿಯಲ್ಲಿ ಚೆಂಡನ್ನು ಬಡಿದು ಅದೃಷ್ಟಕ್ಕೆ ಬಿಡುತ್ತಿದ್ದ ಕಡೆ, ಫಾರ್ಮರ್ ಅದನ್ನು ಎರಡೂ ಕೈಗಳಲ್ಲಿ ಬಾಚಿಕೊಂಡು, ಕಾಲು ಪೂರ್ತಿ ನೆಲ ಮುಟ್ಟುವ ಮೊದಲೇ, ಇಪ್ಪತ್ತು ಮೀಟರಿನಾಚೆ ಓಡುತ್ತಿದ್ದ ಜೊತೆಗಾರ ಬಿಲ್ ಗಾಗಿನ್ ಅವರ ಎದೆಮಟ್ಟಕ್ಕೆ ಕಳುಹಿಸಿಬಿಡುತ್ತಿದ್ದರು. ಗಾಗಿನ್ ನಿಲ್ಲಬೇಕಾಗಿರಲಿಲ್ಲ, ತಿರುಗಬೇಕಾಗಿರಲಿಲ್ಲ. ಓಟದ ವೇಗದಲ್ಲಿಯೇ ಚೆಂಡು ಕೈಸೇರುತ್ತಿತ್ತು. ಗುರಿ ತಪ್ಪಬಾರದೆಂದು ಫಾರ್ಮರ್ ನಿಂತ ಕಾರಿನ ತೆರೆದ ಕಿಟಕಿಯೊಳಗೆ ಚೆಂಡು ತೂರಿಸಿ ಅಭ್ಯಾಸ ಮಾಡುತ್ತಿದ್ದರೆಂಬ ಮಾತು ಇಂದಿಗೂ ಊರಿನಲ್ಲಿ ಚಾಲ್ತಿಯಲ್ಲಿದೆ.

ನಾನು ಫಾರ್ಮರ್ ಅವರ ಆಟವನ್ನು ಕಣ್ಣಾರೆ ಕಂಡವನಲ್ಲ. ಉಳಿದಿರುವ ಕಪ್ಪು-ಬಿಳುಪಿನ ಚಿತ್ರಸುರುಳಿಗಳನ್ನು ನೋಡಿದ್ದೇನೆ, ಕಂಡವರ ಮಾತನ್ನು ಕೇಳಿದ್ದೇನೆ. 1963ರ ಗ್ರ್ಯಾಂಡ್ ಫೈನಲ್ ದಿನ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿದ್ದ ನನ್ನ ನೆರೆಮನೆಯ ಹಿರಿಯರೊಬ್ಬರು ಎಂಬತ್ತು ದಾಟಿದ ವಯಸ್ಸಿನಲ್ಲಿ ತಮ್ಮ ಹಿತ್ತಲಿನಲ್ಲಿ ಅದನ್ನು ನನಗೆ ಮಾಡಿ ತೋರಿಸಿದರು. ಊರುಗೋಲನ್ನು ಬೇಲಿಗೆ ಒರಗಿಸಿ, ಮೊಮ್ಮಗನ ಚೆಂಡನ್ನು ತಲೆಯ ಮೇಲಕ್ಕೆತ್ತಿ ಹಿಡಿದು, ಸೊಂಟವನ್ನಷ್ಟೇ ತಿರುಗಿಸಿ ಮುಷ್ಟಿಯಿಂದ ಹೊಡೆದಾಗ, ಬಟ್ಟೆ ಒಣಗಿಸುವ ತಂತಿಯ ಕಂಬಕ್ಕೆ ಚೆಂಡು ಸರಿಯಾಗಿ ಬಡಿಯಿತು. 'ನಾವೆಲ್ಲ ಚೆಂಡನ್ನು ನೋಡುತ್ತಿದ್ದೆವು, ಪಾಲಿ ಮಾತ್ರ ಅದು ಹೋಗಬೇಕಾದ ಜಾಗವನ್ನು ನೋಡುತ್ತಿದ್ದ' ಎಂದರು. ಆ ದಿನ ಜಿಲಾಂಗ್ ತಂಡ ಹಾಥಾರ್ನ್ ತಂಡವನ್ನು 49 ಅಂಕಗಳಿಂದ ಸೋಲಿಸಿತು. ಮುಂದಿನ ಪ್ರೀಮಿಯರ್‌ಶಿಪ್, ಎಂದರೆ ಲೀಗಿನ ಪ್ರಶಸ್ತಿ, ಈ ಊರಿಗೆ ಬಂದದ್ದು 44 ವರ್ಷಗಳ ನಂತರ, 2007ರಲ್ಲಿ. ಆ ನಡುವಿನ ಬರಗಾಲವನ್ನು ಬಲ್ಲವರಿಗೆ 1963ರ ತೂಕವೇನೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ತಮ್ಮ ಲೇಖಕರು ಮೊದಲ ಸ್ಥಾನದಲ್ಲಿಟ್ಟಿರುವ ಹಿರಿಯ ಗ್ಯಾರಿ ಆಬ್ಲೆಟ್ ಅವರ ವಿಷಯ. ಅವರನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗೆ ಎಳ್ಳಷ್ಟೂ ಇಲ್ಲ. ಒಬ್ಬನೇ ಮನುಷ್ಯ ಒಂದು ಪಂದ್ಯದಲ್ಲಿ ಏನೇನು ಮಾಡಬಲ್ಲ ಎಂಬ ಪ್ರಶ್ನೆಗೆ ಈ ಕ್ಲಬ್ಬಿನ ಇತಿಹಾಸದಲ್ಲಿ ಅವರಷ್ಟು ದೊಡ್ಡ ಉತ್ತರ ಇನ್ನೊಂದಿಲ್ಲ. 1984ರಿಂದ 1996ರವರೆಗೆ ಜಿಲಾಂಗ್ ಪರ 242 ಪಂದ್ಯಗಳಲ್ಲಿ 1,021 ಗೋಲು. 1993, 1994, 1995ರಲ್ಲಿ ಸತತ ಮೂರು ಬಾರಿ ಲೀಗಿನ ಅತಿ ಹೆಚ್ಚು ಗೋಲುಗಳಿಗೆ ಕೊಡುವ ಕೋಲ್ಮನ್ ಪದಕ. ಆ ಮೂರೂ ವರ್ಷಗಳಲ್ಲಿ ನೂರನ್ನು ಮೀರಿದ ಗೋಲುಗಳು. 1989ರ ಗ್ರ್ಯಾಂಡ್ ಫೈನಲಿನಲ್ಲಿ ಅವರು 9 ಗೋಲು ಹೊಡೆದರು, ಅಷ್ಟಾಗಿಯೂ ತಂಡ ಹಾಥಾರ್ನ್‌ಗೆ ಆರೇ ಅಂಕಗಳಿಂದ, ಎಂದರೆ ಒಂದು ಗೋಲಿನ ಅಂತರದಿಂದ, ಸೋತಿತು. ಸೋತ ತಂಡದಲ್ಲಿದ್ದೂ ಆ ದಿನದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ನಾರ್ಮ್ ಸ್ಮಿತ್ ಪದಕ ಅವರ ಕೊರಳಿಗೆ ಬಂತು. ಆ ಒಂಬತ್ತರಲ್ಲಿ ಒಂದು ಗೋಲನ್ನು ನಾನು ದೃಶ್ಯದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ: ಗೆರೆಯಾಚೆಯಿಂದ ಅಂಪೈರ್ ಒಳಗೆಸೆದ ಚೆಂಡನ್ನು ರಕ್‌ಮನ್‌ಗಳ ನಡುವೆ ನುಗ್ಗಿ ಗಾಳಿಯಲ್ಲಿಯೇ ಕಸಿದು, ನೆಲಕ್ಕಿಳಿಯುತ್ತಲೇ ಒದ್ದು ಗೋಲು ಮಾಡುತ್ತಾರೆ. ಅಭಿಮಾನಿಗಳು ಅವರನ್ನು 'ದೇವರು' ಎಂದು ಕರೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಆಬ್ಲೆಟ್ ಅವರ ಆಟವನ್ನು ಇನ್ನೊಬ್ಬರು ಕಲಿಯಲಾಗಲಿಲ್ಲ. ಆ ಮೈಬಲ, ಆ ಜಿಗಿತ, ಆ ಕ್ಷಣದ ಹೊಳಹು ಅವರೊಂದಿಗೇ ಬಂದವು, ಅವರೊಂದಿಗೇ ಹೋದವು. ಅವರು ಆಡಿದ 1989, 1992, 1994 ಮತ್ತು 1995ರ ನಾಲ್ಕೂ ಗ್ರ್ಯಾಂಡ್ ಫೈನಲುಗಳಲ್ಲಿ ತಂಡ ಸೋತದ್ದನ್ನು ನಾನು ಅವರ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ಹದಿನೆಂಟು ಜನರ ಆಟದಲ್ಲಿ ಸೋಲಿನ ಹೊಣೆಯನ್ನು ಒಬ್ಬನ ತಲೆಗೆ ಕಟ್ಟುವುದು ಅನ್ಯಾಯ. ನಾನು ಹೇಳುವುದಿಷ್ಟೆ: ಆಬ್ಲೆಟ್ ಚೆಂಡು ತಮಗೆ ಸಿಕ್ಕಾಗ ಪಂದ್ಯವನ್ನು ಬದಲಿಸಿದರು, ಫಾರ್ಮರ್ ಚೆಂಡನ್ನು ಬೇರೆಯವರಿಗೆ ಕೊಟ್ಟು ಆಟವನ್ನೇ ಬದಲಿಸಿದರು. ಕ್ಲಬ್ಬಿನ ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಗೌರವ ಹದಿಮೂರು ಋತುಗಳಲ್ಲಿ ಆಬ್ಲೆಟ್ ಅವರಿಗೆ ಸಂದದ್ದು ಒಮ್ಮೆ, 1984ರಲ್ಲಿ. ಗಾಯದಲ್ಲಿ ಕಳೆದ ಒಂದು ಋತುವೂ ಸೇರಿ ಆರೇ ಋತುಗಳನ್ನು ಆಡಿದ ಫಾರ್ಮರ್ ಅವರಿಗೆ ಅದು 1963 ಮತ್ತು 1964ರಲ್ಲಿ ಎರಡು ಬಾರಿ ಸಂದಿತು. ಇಬ್ಬರೂ ತೊಟ್ಟದ್ದು ನೀಲಿ-ಬಿಳಿ ಅಡ್ಡಪಟ್ಟೆಯ ಅಂಗಿಯ ಅದೇ 5ನೆಯ ಸಂಖ್ಯೆ ಎಂಬುದು ನನಗೆ ಯಾವಾಗಲೂ ಹಿತವೆನಿಸುವ ಸಂಗತಿ.

ಅವರ ಮಗ ಕಿರಿಯ ಗ್ಯಾರಿ ಆಬ್ಲೆಟ್ ಬಗ್ಗೆ ಹೆಚ್ಚು ವಾದವಿಲ್ಲ. 2007 ಮತ್ತು 2009ರ ಪ್ರೀಮಿಯರ್‌ಶಿಪ್ ತಂಡಗಳಲ್ಲಿದ್ದವರು, ಲೀಗಿನ ಅತ್ಯುನ್ನತ ವೈಯಕ್ತಿಕ ಗೌರವವಾದ ಬ್ರೌನ್‌ಲೋ ಪದಕವನ್ನು 2009ರಲ್ಲಿ ಗೆದ್ದವರು. ಆದರೆ 2011ರಿಂದ 2017ರವರೆಗಿನ ಏಳು ವರ್ಷ, ಎರಡನೆಯ ಬ್ರೌನ್‌ಲೋ ಪದಕ ಬಂದ 2013 ಸೇರಿದಂತೆ, ಅವರು ಗೋಲ್ಡ್ ಕೋಸ್ಟ್ ತಂಡದಲ್ಲಿದ್ದರು. ಆ ವರ್ಷಗಳ ಸಾಧನೆಯನ್ನು ಜಿಲಾಂಗ್ ಲೆಕ್ಕಕ್ಕೆ ಬರೆಯುವಂತಿಲ್ಲ. ಇದೇ ನ್ಯಾಯ ಫಾರ್ಮರ್ ಅವರಿಗೂ ಅನ್ವಯಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಪರ್ತ್‌ನ ಈಸ್ಟ್ ಪರ್ತ್ ತಂಡದಲ್ಲಿ ಅವರು ಗೆದ್ದ, ಅಲ್ಲಿನ ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಮೂರು ಸ್ಯಾಂಡೋವರ್ ಪದಕಗಳನ್ನು ಅದಕ್ಕಾಗಿಯೇ ನಾನು ಇಲ್ಲಿ ಮುಂದೆ ಮಾಡಿಲ್ಲ.

ಸೆಲ್‌ವುಡ್ ಅವರ ಬಗ್ಗೆ ಲೇಖಕರು ಬರೆದ ಒಂದೊಂದು ಮಾತಿಗೂ ನನ್ನ ಸಹಮತವಿದೆ. ನಾಲ್ಕು ಪ್ರೀಮಿಯರ್‌ಶಿಪ್, ಹನ್ನೊಂದು ಋತುಗಳ ನಾಯಕತ್ವ, ಹಣೆಗೆ ಸುತ್ತಿದ ಬ್ಯಾಂಡೇಜಿನಿಂದ ರಕ್ತ ಒಸರುತ್ತಿದ್ದರೂ ಚೆಂಡಿನ ಮೇಲೆ ತಲೆಯಿಟ್ಟು ಬೀಳುವ ಎದೆಗಾರಿಕೆ. 2022ರ ಗ್ರ್ಯಾಂಡ್ ಫೈನಲ್ ದಿನ, ತಮ್ಮ ಕೊನೆಯ ಪಂದ್ಯಕ್ಕೆ ಮೈದಾನಕ್ಕಿಳಿಯುವಾಗ, ಕಾಯಿಲೆಯಿಂದ ಬಳಲುತ್ತಿದ್ದ ಕಿರಿಯ ಆಬ್ಲೆಟ್ ಅವರ ಪುಟ್ಟ ಮಗನನ್ನು ಅವರು ತೋಳಿನಲ್ಲಿ ಎತ್ತಿಕೊಂಡು ತಂಡದ ಬ್ಯಾನರಿನ ನಡುವಿನಿಂದ ಬಂದದ್ದನ್ನು ಕಂಡು ಕಣ್ಣೊರೆಸಿಕೊಳ್ಳದವರು ನನ್ನ ಸುತ್ತ ಯಾರೂ ಇರಲಿಲ್ಲ. ನಾಯಕರ ಪಟ್ಟಿ ಮಾಡುವುದಾದರೆ ಅವರೇ ಮೊದಲಿಗರು.

ಲೇಖನದಲ್ಲಿ ಇನ್ನೊಂದು ಕೊರತೆಯೂ ಇದೆ. ಐವರಲ್ಲಿ ಒಬ್ಬರೂ ರಕ್ಷಣಾ ಸಾಲಿನವರಲ್ಲ. ಗೋಲು ಹೊಡೆಯುವವರನ್ನು ಎಣಿಸುವುದು ಸುಲಭ, ಗೋಲು ಆಗದಂತೆ ಮಾಡಿದವರನ್ನು ಎಣಿಸುವುದು ಕಷ್ಟ. 1951ರಲ್ಲಿ ಹಿಂದಿನ ಸಾಲಿನ ಮೂಲೆಯಲ್ಲಿ ಆಡುತ್ತಲೇ ಬ್ರೌನ್‌ಲೋ ಪದಕ ಪಡೆದ ಬರ್ನಿ ಸ್ಮಿತ್ ಅವರ ಹೆಸರಿಲ್ಲ. 2009ರ ಗ್ರ್ಯಾಂಡ್ ಫೈನಲಿನ ಕೊನೆಯ ಘಟ್ಟದಲ್ಲಿ, ಬಗ್ಗಿ ಎತ್ತಿಕೊಳ್ಳಲು ಸಮಯವಿಲ್ಲದ ಚೆಂಡನ್ನು ಬೂಟಿನ ತುದಿಯಿಂದ ಕಿರಿಯ ಆಬ್ಲೆಟ್ ಅವರ ಕಡೆಗೆ ತಳ್ಳಿ, ಪಾಲ್ ಚಾಪ್‌ಮನ್ ಅವರ ಗೋಲಿಗೆ ದಾರಿ ಮಾಡಿದ ಮ್ಯಾಥ್ಯೂ ಸ್ಕಾರ್ಲೆಟ್ ಅವರ ಹೆಸರೂ ಇಲ್ಲ. ಆ ಬ್ರೌನ್‌ಲೋ ಪದಕಕ್ಕೆ ಹೆಸರು ಬಂದದ್ದೇ ಜಿಲಾಂಗ್ ಕ್ಲಬ್ಬಿನ ಚಾರ್ಲ್ಸ್ ಬ್ರೌನ್‌ಲೋ ಅವರಿಂದ. 1924ರಲ್ಲಿ ಅದನ್ನು ಮೊಟ್ಟಮೊದಲು ಪಡೆದವರು ಜಿಲಾಂಗ್‌ನ 'ಕಾರ್ಜಿ' ಗ್ರೀವ್ಸ್. ಕ್ಲಬ್ಬಿನ ವಾರ್ಷಿಕ ಪದಕ ಇಂದಿಗೂ ಗ್ರೀವ್ಸ್ ಅವರ ಹೆಸರಿನಲ್ಲಿಯೇ ಇದೆ. ಇವರೆಲ್ಲ ಮೊದಲ ಐದರಲ್ಲಿ ಬರಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಹೆಸರೆತ್ತಿ, ತೂಗಿ ನೋಡಿ, ಆಮೇಲೆ ಬಿಟ್ಟಿದ್ದರೆ ಆಕ್ಷೇಪವಿರಲಿಲ್ಲ.

ಫಾರ್ಮರ್ ಅವರ ಬದುಕಿನ ಒಂದೆರಡು ಸಂಗತಿಗಳನ್ನು ಹೇಳದೆ ಈ ಪತ್ರವನ್ನು ಮುಗಿಸಲಾರೆ. ಅವರು ನೂಂಗಾರ್ ಮೂಲನಿವಾಸಿ ಸಮುದಾಯದವರು. 1935ರಲ್ಲಿ ಹುಟ್ಟಿ, ಪರ್ತ್‌ನಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ನಡೆಯುತ್ತಿದ್ದ 'ಸಿಸ್ಟರ್ ಕೇಟ್ಸ್' ಎಂಬ ಆಶ್ರಯಧಾಮದಲ್ಲಿ ಬೆಳೆದರು. ಗಿಳಿಯಂತೆ ಒಂದೇ ಸಮನೆ ಮಾತಾಡುತ್ತಿದ್ದ ಹುಡುಗನೆಂದು 'ಪಾಲಿ' ಎಂಬ ಅಡ್ಡಹೆಸರು ಬಿದ್ದದ್ದು ಅಲ್ಲಿಯೇ. 1965ರಲ್ಲಿ ಅವರು ಜಿಲಾಂಗ್ ತಂಡದ ನಾಯಕರಾದರು. ಈ ದೇಶದ ಜನಗಣತಿಯಲ್ಲಿ ಮೂಲನಿವಾಸಿಗಳನ್ನೂ ಎಣಿಸಬೇಕೆಂದು ಶೇಕಡ 90ಕ್ಕಿಂತ ಹೆಚ್ಚು ಮತದಾರರು ತೀರ್ಪು ಕೊಟ್ಟದ್ದು 1967ರ ಮೇ ತಿಂಗಳಿನಲ್ಲಿ. ಅಂದರೆ, ತಮ್ಮ ಜನರನ್ನು ಸಂವಿಧಾನ ಎಣಿಕೆಯಿಂದಲೇ ಹೊರಗಿಟ್ಟಿದ್ದ ಕಾಲದಲ್ಲಿ ಅವರು ಈ ಊರಿನ ತಂಡವನ್ನು ಮುನ್ನಡೆಸುತ್ತಿದ್ದರು. ಅದೇ ವರ್ಷದ ಗ್ರ್ಯಾಂಡ್ ಫೈನಲಿನಲ್ಲಿ ರಿಚ್ಮಂಡ್ ವಿರುದ್ಧ ತಂಡ 9 ಅಂಕಗಳಿಂದ ಸೋತಿತು. ಜಿಲಾಂಗ್ ಪರ ಫಾರ್ಮರ್ ಆಡಿದ ಕೊನೆಯ ಪಂದ್ಯ ಅದು. 2019ರ ಆಗಸ್ಟಿನಲ್ಲಿ, 84ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತಲೆಗೆ ಪದೇಪದೇ ಬೀಳುವ ಪೆಟ್ಟುಗಳಿಂದ ಬರುವ ಮಿದುಳಿನ ರೋಗ ಅವರಿಗಿತ್ತೆಂದು ಮರಣಾನಂತರದ ಪರೀಕ್ಷೆಯಲ್ಲಿ ತಿಳಿದುಬಂತು. ಲೀಗಿನ ಆಟಗಾರರಲ್ಲಿ ಆ ರೋಗ ಹಾಗೆ ಮೊದಲು ದೃಢಪಟ್ಟದ್ದು ಅವರಲ್ಲಿಯೇ. ಜಿಗಿದು, ಎದುರಾಳಿಗಳ ಮೈಗಳ ನಡುವೆ ಚೆಂಡನ್ನು ಗೆದ್ದು, ಅದನ್ನು ಇನ್ನೊಬ್ಬರಿಗೆ ಕೊಟ್ಟ ಮನುಷ್ಯ ತೆತ್ತ ಬೆಲೆ ಅದು. 101 ಎಂಬ ಅಂಕಿಯನ್ನು ಓದುವಾಗ ಅದೂ ನೆನಪಿನಲ್ಲಿರಬೇಕೆಂದು ನನ್ನ ಕೋರಿಕೆ.

ಆಸ್ಟ್ರೇಲಿಯನ್ ಫುಟ್‌ಬಾಲಿನ ಶತಮಾನದ ತಂಡವನ್ನು 1996ರಲ್ಲಿ ಪ್ರಕಟಿಸಿದಾಗ ರಕ್‌ಮನ್ ಸ್ಥಾನಕ್ಕೆ ಆಯ್ಕೆಯಾದವರು ಫಾರ್ಮರ್. ದೇಶಕ್ಕೆ ಸಂದೇಹವಿಲ್ಲದ ಸಂಗತಿಯಲ್ಲಿ ನಮ್ಮ ಪತ್ರಿಕೆಗೆ ಸಂದೇಹ ಬರಬಾರದು. ಪುರವಣಿಯಲ್ಲಿ ಈ ಚರ್ಚೆ ಮುಂದುವರಿಯುವುದಾದರೆ ಮೊದಲ ಹೆಸರಾಗಿ ಪಾಲಿ ಫಾರ್ಮರ್ ಅವರನ್ನೂ, ಎರಡನೆಯದಾಗಿ ಹಿರಿಯ ಆಬ್ಲೆಟ್ ಅವರನ್ನೂ, ಮೂರನೆಯದಾಗಿ ಸೆಲ್‌ವುಡ್ ಅವರನ್ನೂ ನನ್ನ ಮತವೆಂದು ಬರೆದುಕೊಳ್ಳಬೇಕು. ನಾಲ್ಕನೆಯ ಸ್ಥಾನ ಸ್ಕಾರ್ಲೆಟ್ ಅವರದೋ ಕಿರಿಯ ಆಬ್ಲೆಟ್ ಅವರದೋ ಎಂಬ ಬಗ್ಗೆ ನಮ್ಮ ಮನೆಯಲ್ಲಿಯೇ ಒಮ್ಮತವಿಲ್ಲ. ಹನ್ನೊಂದು ವರ್ಷದ ನನ್ನ ಮಗ ಕಿರಿಯ ಆಬ್ಲೆಟ್ ಪಕ್ಷ. ಅವನು ಈ ಭಾನುವಾರ ಬೆಳಗಿನ ಅಭ್ಯಾಸದಲ್ಲಿ ಮಂಜು ಬಿದ್ದ ಹುಲ್ಲಿನ ಮೇಲೆ ನಿಂತು, ಹೆಬ್ಬೆರಳನ್ನು ಮುಷ್ಟಿಯ ಹೊರಗಿಟ್ಟು, ಎದುರು ಸಾಲಿನ ಹುಡುಗನ ಎದೆಮಟ್ಟಕ್ಕೆ ಮುಕ್ಕಾಲು ಗಂಟೆ ಹ್ಯಾಂಡ್‌ಬಾಲ್ ಮಾಡಿದ.

ಇತಿ,
ಜಿಲಾಂಗ್ ನಗರದ ಒಬ್ಬ ಕನ್ನಡ ಓದುಗ