ಹೆಗಲು ತಟ್ಟಿದ್ದೇ ತಪ್ಪಾಯ್ತು

ನ್ಯೂಟನ್, ಮ್ಯಾಸಚೂಸೆಟ್ಸ್
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣ,

ನಿನಗೆ ಮಂಡಿ ನೋವು, ಬೆಟ್ಟ ಹತ್ತೋದು ಬಿಟ್ಟಿದ್ದೀಯ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ನಾನೇನೂ ನಂಬಲಿಲ್ಲ. ಹೈಸ್ಕೂಲಿನಲ್ಲೂ ನಿನ್ನದು ಇದೇ ನಾಟಕ. ಚಾಮುಂಡಿ ಬೆಟ್ಟದ ಬುಡದಲ್ಲಿ ಕುಂಟುತ್ತಾ "ನೀನು ಹೋಗ್ತಿರು, ನಾನು ನಿಧಾನಕ್ಕೆ ಬರ್ತೀನಿ" ಅನ್ನೋದು, ನಂದಿ ಕಂಡ ಕೂಡಲೇ ಎರಡೆರಡು ಮೆಟ್ಟಿಲು ಹಾರೋದು.

ಇಲ್ಲೂ ನಿನ್ನಂಥವನೊಬ್ಬ ಗಂಟುಬಿದ್ದಿದ್ದಾನೆ. ನಮ್ಮ ಭಾನುವಾರದ ಓಟದ ಗುಂಪಿನವನು. ವಯಸ್ಸು ಅರವತ್ತೆರಡು. ಶೂ ಲೇಸ್ ಕಟ್ಟುವಾಗಲೇ ಶುರು: ರಾತ್ರಿ ನಿದ್ದೆ ಇಲ್ಲ, ಹಿಮ್ಮಡಿ ನೋವು, ಇವತ್ತು ಸುಮ್ನೆ ಬಂದೆ. ಏರು ಬಂತೋ, ಪಕ್ಕಕ್ಕೆ ಬಂದು ಒಂದು ಪ್ರಶ್ನೆ. ಅದೂ ಹೌದು, ಇಲ್ಲ ಅಂದು ಮುಗಿಸುವಂಥದ್ದಲ್ಲ. ಕಳೆದ ತಿಂಗಳು ಕೇಳಿದ, "ದೋಸೆ ಹಿಟ್ಟು ಹುಳಿ ಬರೋಕೆ ಏನು ಮಾಡ್ತೀರಿ?" ನಾನು ಪೆದ್ದ. ಅಕ್ಕಿ, ಉದ್ದು, ಮೆಂತ್ಯ ಅಂತ ಶುರುಮಾಡಿದೆ. ಮೆಂತ್ಯಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿತು, ಅವನು ಇಪ್ಪತ್ತು ಗಜ ಮುಂದಿದ್ದ.

ನಾವು ಓಡುವುದು ಬಾಸ್ಟನ್ ಮ್ಯಾರಥಾನ್ ದಾರಿಯಲ್ಲೇ, ಕಾಮನ್‌ವೆಲ್ತ್ ಅವೆನ್ಯೂದಲ್ಲಿ. ಇಲ್ಲಿನ ಕೊನೆಯ ಏರಿಗೆ ಹಾರ್ಟ್‌ಬ್ರೇಕ್ ಹಿಲ್ ಅಂತ ಹೆಸರು. ಎತ್ತರ ಬರೀ 27 ಮೀಟರ್. ಚಾಮುಂಡಿ ಬೆಟ್ಟದ ಮುಂದೆ ಅದೊಂದು ದಿಬ್ಬ. ಆದರೆ ಮ್ಯಾರಥಾನಿನಲ್ಲಿ ಅದು ಎದುರಾಗೋದು 32 ಕಿಲೋಮೀಟರ್ ಓಡಿದ ಮೇಲೆ, ಕಾಲು ಸೋತಿರುವ ಹೊತ್ತಿಗೆ.

ಹೆಸರು ಬಂದ ಕಥೆ ನಿನಗೆ ಇಷ್ಟವಾಗುತ್ತದೆ. 1936ರ ಓಟ. ಹಿಂದಿನ ವರ್ಷ ಗೆದ್ದಿದ್ದ ಜಾನ್ ಕೆಲ್ಲಿ, ಮುಂದೆ ಓಡುತ್ತಿದ್ದ ಎಲಿಸನ್ ಬ್ರೌನ್‌ನನ್ನು ಈ ಏರುಗಳಲ್ಲಿ ಹಿಡಿದ. ಬ್ರೌನ್ ನಾರಗಾನ್ಸೆಟ್ ಬುಡಕಟ್ಟಿನವನು, ಎಲ್ಲರೂ ಟಾರ್ಜನ್ ಅಂತಿದ್ದರು. ಕೆಲ್ಲಿ ಅವನನ್ನು ದಾಟುವಾಗ ಹೆಗಲು ತಟ್ಟಿದ. ಅಷ್ಟೇ! ಬ್ರೌನ್ ಕೆರಳಿ ಮತ್ತೆ ಮುಂದೆ ನುಗ್ಗಿ ಗೆದ್ದೇಬಿಟ್ಟ. ಕೆಲ್ಲಿಗೆ ಐದನೇ ಸ್ಥಾನ. ಅವನ ಎದೆ ಒಡೆದ ಜಾಗ ಅಂತ ಬಾಸ್ಟನ್ ಗ್ಲೋಬ್ ವರದಿಗಾರ ಬರೆದದ್ದರಿಂದ ಆ ಹೆಸರು. ಕೆಲ್ಲಿ ಪ್ರೀತಿಯಿಂದಲೇ ತಟ್ಟಿರಬಹುದು. ಆದರೆ ಏದುಸಿರು ಬಿಡುವವನಿಗೆ ಅದು "ಪಾಪ, ಮುಗೀತಲ್ಲ ನಿಂದು" ಅಂತಲೇ ಕೇಳಿಸೋದು, ಅಲ್ವಾ?

ಇಷ್ಟೆಲ್ಲ ಗೊತ್ತಿದ್ದೂ ಇವತ್ತು ಬೆಳಿಗ್ಗೆ ನಾನೇನು ಮಾಡಿದೆ ಕೇಳು. ಏರಿನ ನಡುವೆ ಅವನು ಮತ್ತೆ ದೋಸೆ ಹಿಟ್ಟಿನ ಮಾತು ತೆಗೆದ. "ಕಾಫಿ ಕುಡಿಯುವಾಗ ಹೇಳ್ತೀನಿ" ಅಂದು ವೇಗ ಹೆಚ್ಚಿಸಿದೆ. ಅವನು ಹಿಂದೆ ಬಿದ್ದ. ದಾಟುವಾಗ ಕೈ ಸುಮ್ಮನಿರಬೇಕಲ್ಲ! ಹೆಗಲು ತಟ್ಟಿದೆ. ಅವನು ಮಾತೇ ಆಡಲಿಲ್ಲ. ಆಗಲೇ ನಾನು ಹೆದರಬೇಕಿತ್ತು.

ತುದಿಗೆ ಇನ್ನು ನಾಲ್ಕು ಮನೆ ಇದ್ದಾಗ ಹಿಂದೆ ಶೂ ಸದ್ದು ಕೇಳಿತು. ತಿರುಗಿ ನೋಡಿದರೆ ಸೋತಂತೆ ಅಂತ ನೋಡಲಿಲ್ಲ. ನೋಡದೆಯೂ ಸೋತೆ. ದಾಟುವಾಗ ಅವನ ಬಾಯಿ ಮುಚ್ಚಿತ್ತು, ಮೂಗಿನಲ್ಲೇ ಉಸಿರಾಟ, ಸಂಜೆ ವಾಕಿಂಗ್ ಬಂದವನ ಹಾಗೆ. ಆದರೆ ಕಿವಿಗಳು ಕೆಂಪಗೆ ಕಾದಿದ್ದವು. ಮೇಲೆ ಹೋಗಿ ನನಗೆ ಬೆನ್ನು ತಿರುಗಿಸಿ ನಿಂತ. ಯಾಕೆ ಗೊತ್ತಾ? ಬಗ್ಗಿ ಮಂಡಿ ಹಿಡಿದು ತೇಕುತ್ತಿದ್ದ, ನಾನು ನೋಡಬಾರದು ಅಂತ.

ಸೋತವನದು ಕಾಫಿ ಬಿಲ್ಲು, ಕೊಟ್ಟೆ.

ಡಿಸೆಂಬರಿನಲ್ಲಿ ಬರ್ತೀನಿ. ಮಂಡಿ ನಿಜಕ್ಕೂ ನೋಯ್ತಿದ್ದರೆ ಡಾಕ್ಟರಿಗೆ ತೋರಿಸು. ನಾಟಕವಾದರೆ ಬೆಟ್ಟದ ಬುಡದಲ್ಲಿ ಸಿಗೋಣ. ಹಾಗೇ ಒಂದು ಕೆಲಸ ಮಾಡು. ಚಳಿಯಲ್ಲಿ ಹಿಟ್ಟು ಹುಳಿ ಬರೋಕೆ ಏನು ಮಾಡಬೇಕು ಅಂತ ಅಮ್ಮನನ್ನು ಕೇಳು. ಒಂದೇ ಮಾತಿನಲ್ಲಿ ಹೇಳಲಿ. ಆ ಏರಿನಲ್ಲಿ ಅದಕ್ಕಿಂತ ಜಾಸ್ತಿ ಉಸಿರು ನನ್ನ ಹತ್ರ ಇರೋದಿಲ್ಲ.

ಇಂತಿ,
ನಿನ್ನ ತಮ್ಮ